ಮೊಳಕೆ ಬಾರದ ರಾಗಿ

ನಲ್ಲೂರಿನಲ್ಲಿ ಯಾರ ಮನೆಯ ಕೂಸಿಗೆ ಆರು ತಿಂಗಳು ತುಂಬಿದರೂ ಮೊದಲು ಕರೆ ಬರುತ್ತಿದ್ದದ್ದು ನನಗೆ. ‘ಕಲ್ಲಮ್ಮನ ಕೈಯ ಹಿಟ್ಟು ತಿಂದ್ರೆ ಕೂಸು ಗುಂಡ್‌ಕಲ್ಲಿನಂಗೆ ಆಗತೈತೆ’ ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬಿ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಪೇಟೆಯಿಂದ ಡಬ್ಬದ ಪುಡಿ ತರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ರಾಗಿ ತೊಳೆದು, ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಬರುವ ಆ ಹಿಟ್ಟಿಗೆ ಯಾವ ಡಬ್ಬ ಸಮ?

ರಾಗಿ ಕಟ್ಟುವ ಬಟ್ಟೆ ಮಾತ್ರ ಹೊಸದಾಗಿರಬಾರದು. ಮನೆಯ ಹಿರಿಯ ಗಂಡಸು ಉಟ್ಟು ಸವೆಸಿದ ಪಂಚೆಯೇ ಆಗಬೇಕು, ಅವನ ಆಯುಸ್ಸು ಕೂಸಿಗೆ ಹತ್ತಲಿ ಎಂದು. ಇದು ನನ್ನ ಅತ್ತೆ ಕಲಿಸಿದ ಪದ್ಧತಿ.

ಎಪ್ಪತ್ತೆಂಟರ ಶ್ರಾವಣದಲ್ಲಿ ನನ್ನ ಮೊಮ್ಮಗನ ಸರದಿ ಬಂತು. ಸೊಸೆ ರುದ್ರಾಣಿ ತವರುಮನೆ ಸಾಸ್ವೆಹಳ್ಳಿಯಿಂದ ಕೂಸನ್ನು ಎತ್ತಿಕೊಂಡು ಬಂದು ತಿಂಗಳಾಗಿತ್ತು. ಹಿತ್ತಿಲ ತಂತಿಯ ಮೇಲೆ ನನ್ನ ಗಂಡ ಷಣ್ಮುಖಪ್ಪನ ಹಳೆಯ ಪಂಚೆ ಒಣಗುತ್ತಿತ್ತು, ತೆಗೆದುಕೊಂಡೆ. ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಸೊಸೆ ಸರಿಯಾಗಿ ಕದಡಿಲ್ಲ ಎಂದುಕೊಂಡು ಅವಳಿಗೆ ನಾಲ್ಕು ಮಾತು ಅಂದೆ.

‘ಆ ಪಂಚೆ ನಾನು ಒಗದೇ ಇಲ್ರೀ ಅತ್ತೆ’ ಅಂದಳು ರುದ್ರಾಣಿ.

ಎದುರುತ್ತರ ಕೊಡಬೇಡ ಎಂದು ಅವಳ ಬಾಯಿ ಮುಚ್ಚಿಸಿದೆ. ಪಂಚೆಯನ್ನು ಒಮ್ಮೆ ನೀರಲ್ಲಿ ಜಾಲಿಸಿ ನೆನೆದ ರಾಗಿಯನ್ನು ಬಿಗಿಯಾಗಿ ಕಟ್ಟಿಟ್ಟೆ. ಎರಡು ದಿನವಾದರೂ ಮೊಳಕೆ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಕಾಳು ಬಾಯಿ ಬಿಟ್ಟಿತ್ತಷ್ಟೆ. ಹಳೇ ರಾಗಿ ಇರಬೇಕು ಎಂದುಕೊಂಡು ಹಾಗೇ ಒಣಹಾಕಿ, ಹುರಿದು ಬೀಸಿಬಿಟ್ಟೆ.

ಅದರ ಗಂಜಿ ತಿನ್ನಿಸಿದ ಮಾರನೆಯ ದಿನದಿಂದಲೇ ಕೂಸಿಗೆ ವಾಂತಿ ಶುರುವಾಯಿತು. ನನ್ನ ಹಿಟ್ಟಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ‘ನಿನ್ನ ಹಾಲು ಕೆಟ್ಟೈತೆ, ಇನ್ನು ಎದೆ ಕೊಡಬ್ಯಾಡ’ ಅಂದೆ ಸೊಸೆಗೆ. ಓಣಿಯ ಹೆಂಗಸರೂ ಹೌದೆಂದು ತಲೆಯಾಡಿಸಿದರು. ತಾಯಿಹಾಲು ಬಿಡಿಸಿ ಮೂರು ಹೊತ್ತೂ ಅದೇ ಗಂಜಿ ತಿನ್ನಿಸಿದೆ, ನನ್ನ ಕೈಯಾರೆ. ಚನ್ನಗಿರಿಯ ಡಾಕ್ಟರ ಹತ್ತಿರ ಒಯ್ಯುವ ಹೊತ್ತಿಗೆ ಕೂಸಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ಹತ್ತನೆಯ ದಿನ ಹೋಗಿಬಿಟ್ಟಿತು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಗಂಡ ಹಿತ್ತಿಲಲ್ಲಿ ನಿಂತು ಕೇಳಿದರು. ‘ಲೇ, ಮೈಲುತುತ್ತ ಸೋಸಾಕೆ ಅಂತ ಒಂದು ಪಂಚೆ ಇಟ್ಟಿದ್ದೆ. ಈ ತಂತಿ ಮ್ಯಾಲೇ ಹಾಕಿದ್ದೆ. ಎಲ್ಲಿ ಹೋತು?’

ಕೊಳೆರೋಗ ಬಾರದಂತೆ ಅಡಿಕೆಗೊನೆಗೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ವಿಷ, ಮೈಲುತುತ್ತ. ಪಂಚೆಯ ಮೇಲಿದ್ದ ನೀಲಿ ಕಲೆಗಳು ಕಣ್ಣ ಮುಂದೆ ಬಂದವು. ‘ನಾನು ಕಾಣೆ’ ಅಂದೆ. ಅವರು ಅತ್ತ ಹೋದ ಮೇಲೆ ಆ ಪಂಚೆಯನ್ನೂ ಉಳಿದ ಹಿಟ್ಟನ್ನೂ ಒಲೆಗೆ ಹಾಕಿದೆ. ರುದ್ರಾಣಿ ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಊರಿನ ಬಾಯಲ್ಲಿ ಅವಳು ಕೆಟ್ಟ ಹಾಲಿನವಳು, ನಾನು ಒಳ್ಳೆಯ ಕೈಗುಣದವಳು. ಆ ಹೆಸರು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಎಂಥ ಹೇಡಿ ನಾನು! ರಟ್ಟೆನೋವು ಎಂದು ನೆಪ ಹೇಳಿ ಹಿಟ್ಟು ಮಾಡುವುದನ್ನು ಬಿಟ್ಟೆ, ಅಷ್ಟೇ.

ಎರಡು ವರ್ಷದ ಮೇಲೆ ರುದ್ರಾಣಿ ಸಾಸ್ವೆಹಳ್ಳಿಯಲ್ಲಿ ಹೆಣ್ಣು ಹೆತ್ತಳು. ನೋಡಿಕೊಂಡು ಬಂದ ಮಗ ಜಯಪ್ಪ ಚಪ್ಪಲಿ ಕೂಡ ಬಿಡದೆ ಜಗುಲಿಯ ಮೇಲೆ ಕುಸಿದು ಕೂತ.

‘ಅವ್ವಾ, ಅವಳು ಎದೆ ಕೊಡಾಕೆ ಒಲ್ಲೆ ಅಂತಾಳೆ. ನನ್ನ ಹಾಲು ಒಂದನ್ನ ಕೊಂದೈತೆ, ಇದನ್ನೂ ಕೊಲ್ಲಲಾ ಅಂತ ಅಳ್ತಾಳೆ. ಯಾರು ಹೇಳಿದ್ರೂ ಕೇಳಂಗಿಲ್ಲ. ಆಕಳ ಹಾಲಿಗೆ ನೀರು ಬೆರೆಸಿ ಕುಡಿಸಾಕತ್ತಾರೆ. ಕೂಸು ಕಡ್ಡಿ ಆಗೈತೆ.’

ಆಗಲೇ ಹೊರಡಬೇಕಿತ್ತು. ನಾಳೆ ಹೋದರಾಯಿತು, ಸೋಮವಾರ ಹೋದರಾಯಿತು ಎಂದು ದಿನ ತಳ್ಳಿದೆ. ಹಾಗೇ ಹದಿನೈದು ದಿನ ಕಳೆದವು. ಕೊನೆಗೆ ಒಬ್ಬಳೇ ಎರಡು ಬಸ್ಸು ಹತ್ತಿಳಿದು ಸಾಸ್ವೆಹಳ್ಳಿ ಸೇರಿದೆ.

ರುದ್ರಾಣಿ ಒಳಕೋಣೆಯಲ್ಲಿ ಕೂತಿದ್ದಳು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಹೂವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಕೂಸಿನ ಮುಖದಲ್ಲಿ ಕಣ್ಣುಗಳಷ್ಟೇ ಕಾಣುತ್ತಿದ್ದವು. ಬಾಗಿಲು ಮುಂದೆ ಮಾಡಿ, ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದೆ. ‘ನಿನ್ನ ಹಾಲಿಂದು ಏನೂ ತಪ್ಪಿಲ್ಲವ್ವಾ. ನಾನೇ ವಿಷ ತಿನ್ನಿಸಿದೆ’ ಅಂದೆ.

ಅವಳು ಎದೆಯ ಕಟ್ಟು ಬಿಚ್ಚಿದಳು, ಬಾಡಿದ ಹೂ ಮಡಿಲಿಗೆ ಉದುರಿದವು. ಕೂಸನ್ನು ಎದೆಗೆ ಹಚ್ಚಿದಳು. ಅದು ಆಸೆಯಿಂದ ಚೀಪಿ, ಬಿಟ್ಟು, ಕಿರುಚಿತು. ಇನ್ನೊಂದು ಪಕ್ಕಕ್ಕೆ ಹಚ್ಚಿದಳು. ಅಲ್ಲೂ ಬರಲಿಲ್ಲ.

‘ನಿಮಗೆ ಯಾವಾಗ ಗೊತ್ತಾತ್ರೀ?’

‘ಅವನು ಹೋದ ಒಂದು ತಿಂಗಳಿಗೆ.’

ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ಅವಳ ದನಿ ಏರಲಿಲ್ಲ.

‘ಮೊನ್ನೆ ಹುಣ್ಣಿಮೆ ತನಕ ಹಾಲು ಸುರಿದು ಸೀರೆಯೆಲ್ಲ ನೆನೀತಿತ್ತು ಅತ್ತೆ’ ಅಂದಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು, ಆಕಳ ಹಾಲಿಗೆ ನೀರು ಬೆರೆಸಲು ಎದ್ದಳು.