ಮಾನಮ್ಮ ದವಾಖಾನೆಗೆ ಜಗಳಕ್ಕೆ ಹೋದದ್ದು

ಐದು ತಿಂಗಳು ತುಂಬುವ ಹೊತ್ತಿಗೆ ದುರ್ಗಾಳಿಗೆ ಮನೆಯ ಮುಂದಿನ ಮೂರು ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಮೊದಲ ಮೆಟ್ಟಿಲಿಗೆ ತೇಕುತ್ತಿದ್ದಳು, ಎರಡನೆಯದಕ್ಕೆ ಗೋಡೆ ಹಿಡಿಯುತ್ತಿದ್ದಳು. ಮೂರನೆಯದಕ್ಕೆ ಅತ್ತೆ ಮಾನಮ್ಮ ಒಳಗಿನಿಂದ ಓಡಿಬಂದು ಕೊಡ ಇಸಿದುಕೊಳ್ಳುತ್ತಿದ್ದಳು.

"ಕೊಡ ಮುಟ್ಟಬ್ಯಾಡ ಅಂದಿದ್ದಿಲ್ಲೇನ ನಿನಗ?"

"ಅರ್ಧಾನ ತುಂಬೀನಿ ಅತ್ತಿ."

"ಅರ್ಧ ಕೊಡಕ್ಕ ಹಿಂಗ ತೇಕಿದ್ರ ಹಡಿಯಾಗ ಏನು ಮಾಡ್ತಿ?"

ಮಾತು ಬಾಯಿಂದ ಬಿದ್ದ ಮೇಲೆ ಮಾನಮ್ಮನಿಗೇ ಅಂಜಿಕೆಯಾಯಿತು. ಹೋದ ವರ್ಷ ಅದೇ ಓಣಿಯ ಒಬ್ಬ ಹುಡುಗಿ ಹೆರಿಗೆಯಲ್ಲಿ ರಕ್ತ ಹೋಗಿ ತಿರುಗಿ ಬಂದಿರಲಿಲ್ಲ. ಮೈಯಲ್ಲಿ ಮೊದಲೇ ರಕ್ತ ಕಡಿಮೆಯಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆ ಮನೆಯಲ್ಲಿ ತೊಟ್ಟಿಲು ಇತ್ತು, ತೂಗುವವಳು ಇರಲಿಲ್ಲ.

ದುರ್ಗಾಳಿಗೂ ರಕ್ತ ಕಡಿಮೆ ಇತ್ತು. ನಾಲ್ಕನೇ ತಿಂಗಳಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿ, ಎಂಟು ಪಾಯಿಂಟ್ ಎಂಟು ಇದೆ, ಹನ್ನೊಂದಾದರೂ ಇರಬೇಕು ಎಂದಿದ್ದರು. ದಿನಕ್ಕೆ ಎರಡರಂತೆ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. "ಹಸಿದ ಹೊಟ್ಟ್ಯಾಗ ಬ್ಯಾಡ" ಎಂದು ಸಿಸ್ಟರು ಒಂದೇ ಮಾತು ಹೇಳಿ ಮುಂದಿನವರನ್ನು ಕರೆದಿದ್ದರು.

ಆ ಮಾತನ್ನು ಮಾನಮ್ಮ ತಲೆಯ ಮೇಲೆ ಹೊತ್ತಳು. ಅತ್ತೆ ಸೊಸೆ ಇಬ್ಬರೂ ಮಾನ್ವಿ ಪೇಟೆಯ ಹೊರಗಿನ ಅಕ್ಕಿ ಗಿರಣಿಯಲ್ಲಿ ಕಸಗುಡಿಸಿ ಅಕ್ಕಿ ಹಸನು ಮಾಡುವವರು. ಮಗ ಅಮರೇಶ ಅಲ್ಲೇ ಚೀಲ ಹೊರುವ ಹಮಾಲಿ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ. ಹುಡುಗಿ ಮರೆತಾಳೆಂದು ಗುಳಿಗೆಯ ಚೀಟಿಯನ್ನು, ಆ ಹೊಳೆಯುವ ಸ್ಟ್ರಿಪ್ಪನ್ನು, ಮಾನಮ್ಮ ತನ್ನ ಸೆರಗಿನ ತುದಿಗೇ ಗಂಟು ಹಾಕಿಕೊಂಡಳು. ಹತ್ತು ಗಂಟೆಗೆ ಒಂದು, ನಾಲ್ಕು ಗಂಟೆಗೆ ಒಂದು. ತನ್ನ ಕೈಯಾರೆ ಕೊಟ್ಟು, ನುಂಗಿದ್ದು ಕಂಡ ಮೇಲೆಯೇ ಕಸಬರಿಗೆ ಹಿಡಿಯುತ್ತಿದ್ದಳು. ಖಾಲಿಯಾದ ಚೀಟಿಗಳನ್ನೂ ಎಸೆಯಲಿಲ್ಲ. ಸರಕಾರದ ವಸ್ತು, ನಾಳೆ ಯಾರಾದರೂ ಕೇಳಿದರೆ ಇರಲಿ ಎಂದು ಒಂದು ಡಬ್ಬಿಯಲ್ಲಿ ಹಾಕಿಟ್ಟಳು.

ತಿಂಗಳ ಒಂಬತ್ತನೇ ತಾರೀಖು ಬಂತು. ಅಂದು ಬಸುರಿಯರ ತಪಾಸಣೆ. ದುರ್ಗಾ ಒಬ್ಬಳೇ ಹೋಗಿದ್ದಳು. ಮಧ್ಯಾಹ್ನ ಬಂದವಳು ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಏನಂದ್ರು?" ಸಂಜೆ ಗಿರಣಿಯಿಂದ ಬಂದ ಮಾನಮ್ಮ ಕೇಳಿದಳು.

"ಎಂಟು ಪಾಯಿಂಟ್ ಆರು ಅಂತ."

"ಏರೇದೋ ಇಳಿದದೋ?"

"ಇಳಿದದ. ಗುಳಿಗಿ ಕಾಲುವಿಗೆ ಒಗದು ಬಂದು ನನ್ನ ಮುಂದ ನುಂಗೀನಿ ಅಂತೀಯೇನು ಅಂತ ಬೈದ್ರು ಉಮಾದೇವಿ ಸಿಸ್ಟರು. ಎಲ್ಲಾರೂ ಕುಂತಿದ್ರು ಅತ್ತಿ. ನಾ ಇನ್ನ ಆ ದವಾಖಾನಿಗೆ ಒಲ್ಲೆ."

ಬೈಗುಳ ಸೊಸೆಗೆ ಬಿದ್ದಿದ್ದರೂ ಉರಿದದ್ದು ಮಾನಮ್ಮನ ಎದೆ.

ರಾತ್ರಿ ಊಟಕ್ಕೆ ಕುಳಿತಾಗ ಅಮರೇಶ ಉಪಾಯ ತಂದ.

"ಯವ್ವಾ, ಪ್ಯಾಟ್ಯಾಗ ಒಬ್ಬಾಂವ ಕೆಂಪು ಸೂಜಿ ಹಾಕ್ತಾನಂತ. ಐದು ಸೂಜಿಗೆ ರಕ್ತ ಉಕ್ಕಿ ಬರ್ತದಂತ. ನಾಳಿಗೇ ಕರಕೊಂಡು ಹೋಗ್ತೀನಿ. ಈ ಪುಕ್ಕಟಿ ಗುಳಿಗಿಯಾಗ ಏನದ, ಸುಣ್ಣ ಇರಬೇಕು."

ಪಕ್ಕದ ಮನೆಯ ಮಹಬೂಬೀ ಕೊತ್ತಂಬರಿ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ಅವಳು ಆ ಓಣಿಯ ಆಶಾ ಕಾರ್ಯಕರ್ತೆ. ದುರ್ಗಾಳ ಹೆಸರನ್ನು ಕೇಂದ್ರದಲ್ಲಿ ಬರೆಸಿದ್ದವಳೂ ಅವಳೇ.

"ಯಾವ ಡಾಕ್ಟರ ಅಮರೇಶ ಅಂವ? ಏನು ಓದ್ಯಾನ?"

"ಓದಿದ್ದು ಯಾರು ಕೇಳ್ತಾರಕ್ಕ, ಸೂಜಿ ಚೊಲೋ ಹಾಕ್ತಾನ."

"ಟೇಲರನೂ ಸೂಜಿ ಚೊಲೋ ಹಾಕ್ತಾನ, ಅಲ್ಲಿಗೇ ಕರಕೊಂಡು ಹೋಗು." ಮಹಬೂಬೀ ಒಳಗೆ ಬಂದು ಕುಳಿತಳು. "ಆ ಸೂಜಿಯಾಗ ಬರೇ ಕೆಂಪು ಬಣ್ಣ ಅದ, ರಕ್ತ ಇಲ್ಲ. ಎರಡು ದಿನ ಉಮೇದು ಅನಸ್ತದ, ಮೂರನೇ ದಿನ ಮತ್ತ ಹಂಗ. ಹೊಟ್ಟ್ಯಾಗ ಕೂಸಿದ್ದಾಕಿಗೆ ಕಂಡವರ ಸೂಜಿ ಹಾಕಿಸಬ್ಯಾಡ."

"ಮತ್ತ ಬೈಸಿಗೊಳ್ಳಾಕ ಅಲ್ಲಿಗೇ ಹೋಗೂದೇನ?" ಮಾನಮ್ಮ ರೇಗಿದಳು. "ನಾ ಕೈಯಾರೆ ನುಂಗಿಸೀನಿ ಮಹಬೂಬೀ. ಒಂದು ಬಿಟ್ಟಿಲ್ಲ. ನನ್ನ ಸೊಸಿ ಸುಳ್ಳಿ, ನಾ ಸುಳ್ಳಿ?"

"ಹಂಗಾದ್ರ ಅದನ್ನ ಅಲ್ಲಿ ಹೋಗಿ ಹೇಳಕ್ಕ. ಸಿಟ್ಟು ಸಿಸ್ಟರ ಮ್ಯಾಲ ಅದ, ಓಡಾದು ಸೂಜಿಯಾಂವನ ಕಡೆ. ಇದ್ಯಾವ ಲೆಕ್ಕ? ಜಗಳಾ ಮಾಡೂದಿದ್ರ ಬೈದಾಕಿ ಜೋಡೀನ ಮಾಡು. ಗುಳಿಗಿ ನುಂಗಿದ್ರೂ ರಕ್ತ ಯಾಕ ಏರಲಿಲ್ಲ ಅಂತ ಕೇಳು. ಕೇಳಾಕ ನಿನಗ ಹಕ್ಕದ."

ಜಗಳ ಎಂಬ ಮಾತು ಮಾನಮ್ಮನಿಗೆ ಹಿಡಿಸಿತು.

ಮರುದಿನ ಗಿರಣಿಗೆ ರಜೆ ಹೇಳಿ ಮಾನಮ್ಮ ಡಬ್ಬಿ ಹಿಡಿದು ಹೊರಟಳು. ದುರ್ಗಾ ಒಲ್ಲೆನೆಂದರೂ ಬಿಡದೆ ಕರೆದುಕೊಂಡು ಹೋದಳು. ಕೇಂದ್ರದಲ್ಲಿ ಅಂದು ಗದ್ದಲ ಇರಲಿಲ್ಲ. ಬೆಂಚಿನ ಮೇಲೆ ನಾಲ್ಕೈದು ಜನ. ಉಮಾದೇವಿ ಸಿಸ್ಟರು ಕುಳಿತು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ದುರ್ಗಾ ಹೊರಗೆ ಬೇವಿನ ಗಿಡದ ಕೆಳಗೆ ನಿಂತಳು. ಮಾನಮ್ಮ ನೇರ ಒಳಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಖಾಲಿ ಚೀಟಿಗಳು ರಿಜಿಸ್ಟರಿನ ತುಂಬ ಹರಡಿದವು.

"ಎಣಸ್ರಿ."

"ಏನಮ್ಮ ಇದು?"

"ನೀವು ಕೊಟ್ಟ ಗುಳಿಗಿ. ಕಾಲುವಿಗೆ ಒಗದವರು ಚೀಟಿ ಕಾದು ಇಡ್ತಾರೇನು? ಎಣಸ್ರಿ, ಒಂದು ಕಡಿಮಿ ಬಿದ್ರ ನಾ ಇಲ್ಲೇ ಕಸಾ ಹೊಡೀತೀನಿ."

ಬೆಂಚಿನ ಮೇಲಿದ್ದ ಮುದುಕನೊಬ್ಬ ಕಿಸಕ್ಕನೆ ನಕ್ಕ. ಸಿಸ್ಟರು ನಗಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಎಲ್ಲವೂ ಖಾಲಿ. ಪೆನ್ನು ಕೆಳಗಿಟ್ಟರು.

"ಕುಂದರ್ರಿ."

"ನಾ ಕುಂದರಾಕ ಬಂದಿಲ್ಲ."

"ಕುಂದರ್ರೀ ಯವ್ವಾ. ನಂಗ ಒಂದು ಮಾತು ಹೇಳ್ರಿ. ಈ ಗುಳಿಗಿ ಯಾವಾಗ ಕೊಡ್ತೀರಿ?"

"ಗಿರಣ್ಯಾಗ. ಹತ್ತಕ್ಕೊಂದು, ನಾಲ್ಕಕ್ಕೊಂದು."

"ಆವಾಗ ಊಟ ಇರ್ತದೇನು?"

"ಊಟ ಎಲ್ಲಿಂದ ಬರಬೇಕು? ಹಸಿದ ಹೊಟ್ಟ್ಯಾಗ ಬ್ಯಾಡ ಅಂದ್ರಲ್ಲ ನೀವಾ, ಅದಕ್ಕ ಚಾದ ಕೆಟಲಿ ಬಂದಾಗ ಕೊಡ್ತೀನಿ. ಒಂದು ಬನ್ನು, ಒಂದು ಗಿಲಾಸು ಬಿಸಿ ಚಾ. ಚಾದ ಜೋಡಿ ಆದ್ರ ಗಂಟಲಕ್ಕೂ ಹತ್ತಂಗಿಲ್ಲ, ವಾಂತಿನೂ ಬರಂಗಿಲ್ಲ."

ಸಿಸ್ಟರು ಹಣೆ ಹಿಡಿದುಕೊಂಡರು.

"ತಿಂಗಳತನಕ ಎಲ್ಲಾನೂ ಚಾದ ಜೋಡೀನ?"

"ಎಲ್ಲಾನೂ. ಯಾಕ್ರಿ?"

"ಯವ್ವಾ, ಚಾ ಈ ಗುಳಿಗಿಯಾಗಿನ ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ. ಅಲ್ಲೇ ಹಿಡದು ಕಟ್ಟಿಬಿಡ್ತದ. ನುಂಗಿದ್ದು ಬಹಳಷ್ಟು ಹಂಗಾ ಹೊರಗ ಹೋಗ್ತದ. ಹಾಲೂ ಹಂಗಾ, ಎಲುವಿಗೆ ಅಂತ ಸುಣ್ಣದ ಗುಳಿಗಿ, ಕ್ಯಾಲ್ಸಿಯಂ, ಕೊಟ್ಟೀವಲ್ಲ, ಅದೂ ಹಂಗಾ. ಇದರ ಜೋಡಿ ಕೂಡಂಗಿಲ್ಲ."

ಮಾನಮ್ಮ ಈಗ ಕುಳಿತಳು. ಅವಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅರವತ್ತು ಗುಳಿಗೆ. ಅರವತ್ತು ಸಲ ತಾನೇ ಗಿಲಾಸನ್ನು ಸೊಸೆಯ ಕೈಗೆ ಕೊಟ್ಟದ್ದು ಕಣ್ಣ ಮುಂದೆ ಬಂತು.

"ಅಂದ್ರ ನಾನಾ ನನ್ನ ಕೈಯಾರೆ ಹಾಳು ಮಾಡಿದೆ?"

"ನೀವು ಒಂದು ದಿನಾನೂ ತಪ್ಪಿಸಿಲ್ಲ. ತಪ್ಪಿದ್ದು ನಾನು." ಸಿಸ್ಟರು ಮೆಲ್ಲಗೆ ಹೇಳಿದರು. "ಒಂಬತ್ತನೇ ತಾರೀಖು ಅರವತ್ತು ಎಪ್ಪತ್ತು ಮಂದಿ ಬರ್ತಾರ. ನಾ ಒಬ್ಬಾಕಿ. ಬೆರಳು ಚುಚ್ಚಬೇಕು, ತೂಕ ನೋಡಬೇಕು, ಮೊಬೈಲಿಗೆ ತುಂಬಬೇಕು, ಅಷ್ಟರಾಗ ರಾಯಚೂರಿಂದ ಫೋನು ಬರ್ತದ. ಹಸಿದ ಹೊಟ್ಟ್ಯಾಗ ಬ್ಯಾಡ ಅಂದೆ. ಯಾತರ ಜೋಡಿ ನುಂಗಬೇಕು ಅಂತ ಹೇಳಲಿಲ್ಲ. ರಕ್ತ ಏರಲಿಲ್ಲ ಅಂದಾಗ ಕೇಳಲೂ ಇಲ್ಲ, ಬೈದುಬಿಟ್ಟೆ. ಹುಡುಗಿ ಎಲ್ಲಿ?"

ದುರ್ಗಾ ಒಳಗೆ ಬಂದಳು. ಸಿಸ್ಟರು ಎದ್ದು ನಿಂತರು.

"ಅವತ್ತು ಮಂದಿ ಮುಂದ ಅಂದೀನಿ. ಇವತ್ತೂ ಮಂದಿ ಮುಂದನ ಹೇಳ್ತೀನಿ ದುರ್ಗಾ, ನಂದು ತಪ್ಪಾತು."

ದುರ್ಗಾ ಅತ್ತೆಯ ಕಡೆ ನೋಡಿದಳು. ಸಿಸ್ಟರು ಅವಳ ಕಣ್ಣಿನ ಕೆಳ ರೆಪ್ಪೆ ಇಳಿಸಿ ನೋಡಿದರು, ಉಗುರು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಏನರ ತಿನ್ನಬೇಕು ಅನಸ್ತದೇನು? ಮಣ್ಣು, ಬೂದಿ, ಅಂಥಾದ್ದು?"

ದುರ್ಗಾ ಬೆಂಚಿನ ಮೇಲಿದ್ದವರ ಕಡೆ ಒಮ್ಮೆ ನೋಡಿದಳು.

"ಅಕ್ಕಿ," ಎಂದಳು ದುರ್ಗಾ. "ಹಸಿ ಅಕ್ಕಿ. ದಿನಾ ಎರಡು ಹಿಡಿ. ಗಿರಣಿ ಕಣದಾಗ ಉದುರಿದ್ದು ಅಷ್ಟಾ ರೀ, ಚೀಲದಾಗಿಂದು ಅಲ್ಲ. ಕಳ್ಳಿ ಅಂತಾರಂತ ಯಾರಿಗೂ ಹೇಳಿಲ್ಲ."

"ಹಂಗ ಮುಚ್ಚಿ ಇಡಬ್ಯಾಡ. ಇದು ಕಳ್ಳತನನೂ ಅಲ್ಲ, ಬಯಕಿನೂ ಅಲ್ಲ. ರಕ್ತ ಕಡಿಮಿ ಇದ್ದವರಿಗೆ ಹಿಂಗ ಆಗ್ತದ. ರಕ್ತ ಏರಿದಂಗ ಇದು ತಾನಾ ಇಳೀತದ. ನೀ ಹೇಳಿದ್ದು ಚೊಲೋ ಆತು."

ಸಿಸ್ಟರು ಅವರಿಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ದು ನಡೆದದ್ದೆಲ್ಲ ಹೇಳಿದರು. ಡಾಕ್ಟರು ದುರ್ಗಾಳ ತಪಾಸಣೆ ಬರೆದಿದ್ದ ತಾಯಿ ಕಾರ್ಡು ನೋಡಿ, ಇನ್ನೊಂದು ತಿಂಗಳು ಗುಳಿಗೆಯನ್ನು ಸರಿಯಾಗಿ ನುಂಗಲಿ, ಆಗಲೂ ಏರದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಸಲಾಯಿನ್ ಮೂಲಕ ಕಬ್ಬಿಣ ಕೊಡಿಸೋಣ, ಅದಕ್ಕೂ ಅಂಜುವ ಕಾರಣವಿಲ್ಲ ಎಂದರು. ಹೊರಡುವಾಗ ಸಿಸ್ಟರು ಮಾನಮ್ಮನಿಗೆ ಮತ್ತೊಮ್ಮೆ ಬಾಯಿಪಾಠ ಮಾಡಿಸಿದರು.

"ಮಧ್ಯಾಹ್ನ ಬುತ್ತಿ ಉಂಡ ಮ್ಯಾಲ ಒಂದು, ರಾತ್ರಿ ಉಂಡ ಮ್ಯಾಲ ಒಂದು. ಯಾತರ ಜೋಡಿ?"

"ನಿಂಬಿಹಣ್ಣಿನ ನೀರು. ಇಲ್ಲಂದ್ರ ಬರೇ ನೀರು."

"ಚಾ?"

"ಗುಳಿಗಿಗಿಂತ ಒಂದು ತಾಸು ಮುಂಚೆ ಇಲ್ಲ, ನುಂಗಿದ ಮ್ಯಾಲ ಒಂದು ತಾಸು ಇಲ್ಲ."

"ಸುಣ್ಣದ ಗುಳಿಗಿ?"

"ಬೆಳಿಗ್ಗಿ, ಬ್ಯಾರೆ. ಸಾಕ್ರಿ ಸಿಸ್ಟರ, ನನ್ನ ಸಾಲಿಗೆ ಹಾಕಬ್ಯಾಡ್ರಿ ಈ ವಯಸ್ಸಿನ್ಯಾಗ."

ಮರುದಿನ ಹತ್ತು ಗಂಟೆಗೆ ಗಿರಣಿಯಲ್ಲಿ ಚಹಾದ ಕೆಟಲಿ ಬಂದಾಗ ಮಾನಮ್ಮ ಸುಮ್ಮನೆ ಕೂರಲಿಲ್ಲ. ಅಲ್ಲಿ ಇನ್ನಿಬ್ಬರು ಬಸುರಿಯರಿದ್ದರು. ಒಬ್ಬಳು ಬನ್ನು ಮುರಿದುಕೊಂಡು ಗುಳಿಗೆಯನ್ನು ಬಾಯಿಗೆ ಹಾಕುವುದರಲ್ಲಿದ್ದಳು. ಮಾನಮ್ಮ ಅವಳ ಕೈ ಹಿಡಿದಳು.

"ನಿಂದರು. ಒಂದು ಚಾ ಕುಡಿ, ಇಲ್ಲ ಗುಳಿಗಿ ನುಂಗು. ಎರಡೂ ಕೂಡಿ ಬ್ಯಾಡ."

"ನೋಡ್ರೇ, ಮಾನಮ್ಮ ಡಾಕ್ಟರಮ್ಮ ಆಗಿಬಿಟ್ಟಾಳ," ಎಂದು ಹೆಂಗಸರು ನಕ್ಕರು.

"ನಗ್ರಿ. ಅರವತ್ತು ಗುಳಿಗಿ ಹಾಳು ಮಾಡಿ ಕಲ್ತೀನಿ ನಾ. ನಿಮಗ ಪುಕ್ಕಟಿ ಹೇಳಾಕತ್ತೀನಿ."

ಮನೆಯಲ್ಲಿ ಪುಂಡಿಪಲ್ಯ, ನುಗ್ಗೆಸೊಪ್ಪು, ಬೇಳೆ, ಶೇಂಗಾ ಹೆಚ್ಚಾದವು. ಅಮರೇಶ ಸಂತೆಯಿಂದ ನಿಂಬೆಹಣ್ಣು ತರುವುದನ್ನು ಕಲಿತ. ನೀರಿನ ಕೊಡವನ್ನೂ ಅವನೇ ಹೊತ್ತ. ಓಣಿಯ ಗೆಳೆಯರು ಅಣಕಿಸಿದರು. ಅವನು ಒಂದು ವಾರ ನಾಚಿದ, ಆಮೇಲೆ ನಾಚುವುದನ್ನು ಬಿಟ್ಟ.

ಮುಂದಿನ ಒಂಬತ್ತನೇ ತಾರೀಖಿಗೆ ಒಂಬತ್ತು ಪಾಯಿಂಟ್ ಏಳು. ಉಮಾದೇವಿ ಸಿಸ್ಟರು ಅಂಕಿಯನ್ನು ಎರಡು ಸಲ ಓದಿದರು. ದುರ್ಗಾ ಮೊದಲ ಬಾರಿ ಆ ಕೋಣೆಯಲ್ಲಿ ನಕ್ಕಳು. ಅಂದಿನಿಂದ ಸಿಸ್ಟರು ಬಂದವರನ್ನೆಲ್ಲ ಹತ್ತತ್ತು ಮಂದಿಯಂತೆ ಕೂರಿಸಿ, ಗುಳಿಗೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳತೊಡಗಿದರು: "ಯಾತರ ಜೋಡಿ ನುಂಗ್ತೀರಿ?" ಅರ್ಧಕ್ಕಿಂತ ಹೆಚ್ಚು ಜನ ಚಹಾ ಎಂದೇ ಹೇಳುತ್ತಿದ್ದರು.

ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ದೇವದುರ್ಗದಿಂದ ತಾಯಿ ಭೀಮವ್ವ ಕರೆದೊಯ್ಯಲು ಬಂದಿದ್ದಳು. ಉಡಿ ತುಂಬಿದ ಮೇಲೆ ಮಾನಮ್ಮ ಬೀಗತಿಯನ್ನು ಒಳಕೋಣೆಗೆ ಕರೆದು ತಾಯಿ ಕಾರ್ಡು, ಗುಳಿಗೆಯ ಚೀಟಿ ಕೈಗೆ ಕೊಟ್ಟಳು.

"ಊರಿಗೆ ಹೋಗಿ ಒಂದು ವಾರದಾಗನ ನಿಮ್ಮೂರ ದವಾಖಾನಿಗೆ ಈ ಕಾರ್ಡ ತೋರಿಸ್ರಿ. ಹೆಸರು ಬರಸ್ರಿ. ಹಡಿಯಾದು ದವಾಖಾನ್ಯಾಗನ."

"ಅಯ್ಯ, ಈ ಗುಳಿಗಿ ನುಂಗಿದ್ರ ಕೂಸು ಕರ್ರಗಾಗ್ತದಂತಲ್ಲಬೇ?" ಭೀಮವ್ವ ಚೀಟಿಯನ್ನು ದೂರ ಹಿಡಿದಳು.

"ಕರ್ರಗಾಗೂದು ಬಯಲಕಡಿಗೆ ಹೋದದ್ದು, ಕೂಸಲ್ಲ. ಅದು ಗುಳಿಗಿ ಗುಣ, ಅಂಜಬ್ಯಾಡ್ರಿ. ನಾವೆಲ್ಲ ಗುಳಿಗಿ ಇಲ್ಲದಾನ ಕರ್ರಗಿಲ್ಲೇನು?"

ಭೀಮವ್ವ ನಕ್ಕಳು. ನಗುತ್ತಲೇ ಚೀಟಿಯನ್ನು ಸೊಂಟದ ಸಂಚಿಗೆ ಸೇರಿಸಿದಳು. ಬಸ್ಸು ಹೊರಡುವವರೆಗೂ ಮಾನಮ್ಮ ಕಿಟಕಿಯ ಕೆಳಗೆ ನಿಂತು ಚಹಾ, ನಿಂಬೆಹಣ್ಣು ಎನ್ನುತ್ತಲೇ ಇದ್ದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಿರಣಿಯಲ್ಲಿದ್ದಾಗ ದೇವದುರ್ಗದಿಂದ ಫೋನು ಬಂತು. ಗದ್ದಲದಲ್ಲಿ ಕೇಳದೆಂದು ಮಾನಮ್ಮ ಕಣದ ತುದಿಗೆ ಓಡಿದಳು.

"ಬೀಗತಿ, ಆತು ನೋಡ್ರಿ, ಈಗ ಆತು," ಎಂದಳು ಭೀಮವ್ವ.

"ದುರ್ಗಾ ಹೆಂಗದಾಳ?"

"ಚೊಲೋ ಅದಾಳ. ದವಾಖಾನ್ಯಾಗನ ಹಡದಾಳ. ಎದ್ದು ಕುಂತಾಳ, ಗಂಜಿ ಕುಡಿಯಾಕತ್ತಾಳ."

"ರಕ್ತ ಭಾಳ ಹೋತೇನು?"

"ಇಲ್ಲಬೇ. ಒಳಗ ಹೋಗೂ ಮುಂಚೆ ಹತ್ತು ಪಾಯಿಂಟ್ ಒಂಬತ್ತು ಇತ್ತಂತ. ದುರ್ಗಾ ಶಾಣ್ಯಾಕಿ ಅಂದ್ರು ಡಾಕ್ಟರಮ್ಮ."

ಮಾನಮ್ಮ ಅಲ್ಲೇ ಒಂದು ಚೀಲದ ಮೇಲೆ ಕುಳಿತಳು. ಆ ಕಡೆಯಿಂದ ಭೀಮವ್ವನೇ ಕೇಳಿದಳು.

"ಗಂಡೋ ಹೆಣ್ಣೋ ಅಂತ ಕೇಳಲೇ ಇಲ್ಲಲ್ಲ ನೀವು?"

"ಯಾವುದರ ಇರಲಿ," ಎಂದಳು ಮಾನಮ್ಮ. "ತೊಟ್ಟಿಲಾ ತೂಗಾಕ ಅವರವ್ವ ಅದಾಳಲ್ಲ."

ಓದುತ್ತಿರುವ ಅಕ್ಕ, ಅವ್ವ, ತಂಗಿ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇಂದೇ ಕೇಳಿ: ಗುಳಿಗೆಯನ್ನು ಯಾತರ ಜೊತೆ ನುಂಗುತ್ತಿದ್ದೀ? ಚಹಾ ಎಂದರೆ ಬದಲಿಸಿ. ಮಣ್ಣು, ಅಕ್ಕಿ, ಬೂದಿ ತಿನ್ನುವ ಮನಸ್ಸಾದರೆ ನಾಚದೆ ಸಿಸ್ಟರಿಗೆ ಹೇಳಿ. ಕೆಂಪು ಸೂಜಿಯ ಬೆನ್ನು ಹತ್ತಬೇಡಿ. ತವರಿಗೆ ಹೋಗುವಾಗ ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಕೇಂದ್ರದಲ್ಲಿ ಕೆಲಸ ಮಾಡುವ ಸಿಸ್ಟರುಗಳೇ, ನಿಮ್ಮ ಕೈ ತುಂಬ ಕೆಲಸವಿದೆ ಎಂಬುದು ನಮಗೆ ಗೊತ್ತು. ಆದರೂ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿ. ಉಳಿದವರು ನಾವು, ನಮಗೆ ಸಿಟ್ಟು ಬಂದರೆ ದವಾಖಾನೆ ಬಿಟ್ಟು ದೂರ ಹೋಗುವುದು ಬೇಡ. ಅದು ನಮ್ಮದೇ. ಒಳಗೆ ಹೋಗೋಣ, ಕುಳಿತು ಕೇಳೋಣ.