ಕಿತ್ತಳೆ ಸುಲಿದ ಕೈ

ಮುಖಕ್ಕೆ ಮಸುಕು ಬಳಿದಿದ್ದರು, ದನಿಯನ್ನು ಬಾತುಕೋಳಿಯ ದನಿ ಮಾಡಿಟ್ಟಿದ್ದರು. ಕೈಗಳನ್ನು ಮಾತ್ರ ಮುಚ್ಚಿರಲಿಲ್ಲ. ಆ ಕೈಗಳು ಒಂದು ಕಿತ್ತಳೆಯನ್ನು ನಿಧಾನವಾಗಿ ಸುಲಿಯುತ್ತಿದ್ದವು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಎಳೆಯಾಗಿ ಮೊಣಕಾಲ ಮೇಲೆ ಇಳಿಯುತ್ತಿತ್ತು. ಬುಸಾನ್ ನಗರದ ಸಾರನ್ನದ ಹೋಟೆಲಿನಲ್ಲಿ ಕೂತು ಟೀವಿ ನೋಡುತ್ತಿದ್ದ ಮಾ ಪಿಲ್‌ಸುನ್ ಚಮಚ ಕೆಳಗಿಟ್ಟಳು. ಆ ಕೈಗಳು ಅವಳವೇ.

"ಐಸ್ ಪೆಟ್ಟಿಗೇಲಿ, ಮೀನಿನ ಕೆಳಗೆ ನೋಟಿನ ಕಟ್ಟು. ಕಣ್ಣಾರೆ ಕಂಡೆ. ಓಕ್ ದುರೇ ಅಕ್ಕ ನಕ್ಕೊಂಡು ತಗೊಂಡ್ಳು," ಎನ್ನುತ್ತಿತ್ತು ಬಾತುಕೋಳಿ ದನಿ. ಕೆಳಗೆ ದಪ್ಪ ಅಕ್ಷರ: ಪ್ರತ್ಯಕ್ಷ ಸಾಕ್ಷಿ, ಶ್ರೀಮತಿ ಎ.

"ಥೂ, ಮುದುಕಿಗೆ ಮಾನ ಬೇಡ್ವಾ?" ಎಂದ ಪಕ್ಕದ ಮೇಜಿನವನು. "ಪಾಪ, ಆ ಸಾಕ್ಷಿ ಹೆಂಗಸಿನ ಕೈ ನೋಡು, ಹೇಗೆ ನಡುಗ್ತಿದೆ."

ನಡುಗದೆ ಏನು, ನಡುಗಿಸಿದ್ದೇ ಅವಳು. ಪಿಲ್‌ಸುನ್ ಇಪ್ಪತ್ತು ವರ್ಷಕ್ಕೂ ಮೇಲೆ ನಟನೆಯಲ್ಲೇ ಹೊಟ್ಟೆ ಹೊರೆದವಳು. ಪಾತಕಲೋಕದ ಸಿನಿಮಾಗಳಲ್ಲಿ ರಾಜಕಾರಣಿಯೂ ರೌಡಿಯೂ ಗುಟ್ಟಾಗಿ ಊಟಕ್ಕೆ ಕೂತಾಗ ಸಾರು ತಂದಿಡುವ ಹೆಂಗಸು ಅವಳೇ. ಸಾವಿನ ಮನೆಯಲ್ಲಿ ನೆಲಕ್ಕೆ ಬಿದ್ದು ಗೋಳಾಡುವ ವಿಧವೆಯೂ ಅವಳೇ. ಸಿನಿಮಾ ಇಲ್ಲದ ದಿನ ಸುದ್ದಿ ಚಾನೆಲ್ಲುಗಳ ಮರುನಟನೆ. ಎದುರಿಗೆ ಬರಲು ಹೆದರುವ ಸಾಕ್ಷಿಯ ಮಾತನ್ನು ನಟರಿಂದ ಆಡಿಸಿ, ಪರದೆಯ ಮೂಲೆಯಲ್ಲಿ 'ಮರುನಟನೆ' ಎಂದು ಹಾಕುತ್ತಾರೆ. ಈ ಚಾನೆಲ್ಲಿನ ತಾಕ್ ಎಂಬವನು ಕಳೆದ ತಿಂಗಳು ಅದಕ್ಕೇ ಕರೆದಿದ್ದ. ಕಿತ್ತಳೆ ಅವಳದೇ ಉಪಾಯ. ಹೆದರಿದ ಹೆಂಗಸು ಕೈ ಕಟ್ಟಿಕೊಂಡು ಕೂರುವುದಿಲ್ಲ ಎಂದು ತಾನಾಗಿಯೇ ಎತ್ತಿಕೊಂಡಿದ್ದಳು, ತಾಕ್ ಭೇಷ್ ಎಂದಿದ್ದ. ಈಗ ಪರದೆಯ ಮೂಲೆ ಖಾಲಿ, ಆ ಪದವೇ ಇಲ್ಲ.

ಹೊರಗೆ ಬಂದು ಅವನಿಗೆ ಫೋನ್ ಮಾಡಿದಳು.

"ಮರುನಟನೆ ಅನ್ನೋದು ಬಿಟ್ಟೋಗಿದೆ ಅಕ್ಕ. ಎಡಿಟಿಂಗ್‌ನಲ್ಲಿ ಇವೆಲ್ಲ ಆಗುತ್ತೆ."

"ಹಾಗಾದ್ರೆ ನಾಳೆ ಸರಿಮಾಡಿ ಹಾಕಪ್ಪ. ಅಂದ ಹಾಗೆ, ನಿಜವಾಗ್ಲೂ ಕಂಡ ಆ ಹೆಂಗಸು ಯಾರು?"

ತಾಕ್ ನಕ್ಕ. "ನೀವೇ ಅನ್ಕೊಳ್ಳಿ."

ಪಿಲ್‌ಸುನ್‌ಗೆ ಈಗ ಅರ್ಥವಾಯಿತು. ಸಾಕ್ಷಿಯೇ ಇರಲಿಲ್ಲ. ಹಳೆ ಮೀನು ಮಾರುಕಟ್ಟೆಯನ್ನು ಕೆಡವಿ ಗೋಪುರದಂಥ ಮನೆಗಳನ್ನು ಎಬ್ಬಿಸಬೇಕೆಂದು ಸಂಸದ ಗು ಹಟ ಹಿಡಿದು ಕೂತಿದ್ದ, ತಾಕ್‌ನ ಚಾನೆಲ್ಲೂ ಅವನ ಪರವೇ. ಅಡ್ಡ ನಿಂತವಳು ವ್ಯಾಪಾರಿಗಳ ಸಂಘದ ಮುಖಂಡೆ ಓಕ್ ದುರೇ ಒಬ್ಬಳೇ. ಈ ಶುಕ್ರವಾರ ಅವಳನ್ನು ಇಳಿಸಲು ಸಂಘದಲ್ಲಿ ಮತ ಹಾಕುತ್ತಾರೆ. ಅವಳು ಇಳಿದರೆ ಮಾರುಕಟ್ಟೆಯೂ ಹೋದ ಹಾಗೆಯೇ.

"ನಾನು ಎಲ್ಲರಿಗೂ ಹೇಳ್ತೀನಿ," ಎಂದಳು.

"ಯಾರು ನಂಬ್ತಾರೆ? ಮುಖ ಇಲ್ಲ, ದನಿ ಇಲ್ಲ. ಜೊತೆಗೆ ಗುರುವಾರ ನಿಮ್ಮ ಸಿನಿಮಾ ಮುಹೂರ್ತ ಅಲ್ವಾ? ದುಡ್ಡು ಹಾಕಿರೋರು ನಾವೇ. ಈ ವಯಸ್ಸಲ್ಲಿ ಹೆಸರಿರೋ ಪಾತ್ರ ಸಿಕ್ಕಿದೆ, ಬಾಯಿಗೆ ಬೀಗ ಹಾಕ್ಕೊಂಡು ಅನುಭವಿಸಿ."

ಅದೂ ಸುಳ್ಳಲ್ಲ. ಪಾತ್ರಗಳ ಪಟ್ಟಿಯಲ್ಲಿ ಇಷ್ಟು ದಿನ 'ಹೋಟೆಲ್ ಹೆಂಗಸು', 'ಅಳುವ ವಿಧವೆ' ಆಗಿದ್ದವಳಿಗೆ ಮೊದಲ ಸಲ ಒಂದು ಹೆಸರು ಸಿಕ್ಕಿತ್ತು: ಯಾಂಗ್‌ಜಾ, ಲಂಚಕೋರ ಸಂಸದನ ವಿರುದ್ಧ ನ್ಯಾಯಾಲಯದಲ್ಲಿ ನಿಂತು ಸತ್ಯ ಹೇಳುವ ಮೀನುಗಾರ್ತಿ. ಸಿನಿಮಾದ ಖಳ ಯಾರು ಗೊತ್ತೇ? ಆ ಸಂಸದ, ಮತ್ತು ಅವನು ಹೇಳಿದಂತೆ ಕುಣಿಯುವ ಒಂದು ಸುದ್ದಿ ಚಾನೆಲ್. ಪರದೆಯ ಮೇಲೆ ಕಳ್ಳರನ್ನು ಬೈಯಲು ಕಳ್ಳರೇ ಬಂಡವಾಳ ಹಾಕುತ್ತಾರೆ. ಜನ ಚಪ್ಪಾಳೆ ತಟ್ಟಿ ಎದ್ದು ಬರುತ್ತಾರೆ, ಟಿಕೆಟ್ ದುಡ್ಡೂ ಅವರ ಜೇಬಿಗೇ.

ಮರುದಿನ ಅವಳು ಮಾರುಕಟ್ಟೆಗೆ ಹೋದಳು. ಎಲ್ಲ ಕಟ್ಟೆಗಳ ಮುಂದೆ ಜನ, ದುರೇ ಕಟ್ಟೆಯ ಮುಂದೆ ಯಾರೂ ಇಲ್ಲ. ಮೇಲಿನ ಫಲಕಕ್ಕೆ ಯಾರೋ ಕೆಂಪು ಬಣ್ಣ ಎರಚಿದ್ದರು. ರಬ್ಬರ್ ಬೂಟು ತೊಟ್ಟ ಎಪ್ಪತ್ತರ ದುರೇ ಬಂಗುಡೆಯ ಹೊಟ್ಟೆ ಸೀಳುತ್ತಿದ್ದಳು, ಕೊಳ್ಳುವವರು ಇಲ್ಲದಿದ್ದರೂ.

"ನೀನು ಆ ಅಳೋ ವಿಧವೆ ಅಲ್ವೇನೇ?" ಎಂದಳು ದುರೇ ಕಣ್ಣು ಕಿರಿದು ಮಾಡಿ. "ಎಷ್ಟ್ ಚೆನ್ನಾಗಿ ಅಳ್ತೀಯೇ ತಾಯಿ. ನನ್ನ ಗಂಡ ಹೋದಾಗ ನನಗೇ ಅಷ್ಟು ಅಳು ಬರ್ಲಿಲ್ಲ."

ಪಿಲ್‌ಸುನ್ ನಗಲು ಹೋದಳು, ಆಗಲಿಲ್ಲ. "ಅಕ್ಕ, ಟೀವಿಲಿ ಬಂದಿದ್ದು..."

"ಐಸ್ ಪೆಟ್ಟಿಗೇಲಿ ದುಡ್ಡಿತ್ತಂತೆ. ಇಟ್ಟವನು ಎಲ್ಲಿಟ್ಟೆ ಅಂತ ಹೇಳಿದ್ರೆ ಈ ಹಾಳು ಫ್ರೀಜರಾದ್ರೂ ರಿಪೇರಿ ಮಾಡಿಸ್ತಿದ್ದೆ." ದುರೇ ಚಾಕು ಕೆಳಗಿಟ್ಟಳು. "ಬೈಸ್ಕೊಳ್ಳೋದು ಕಷ್ಟ ಅಲ್ಲ ಕಣೇ. ನಲವತ್ತು ವರ್ಷ ಪಕ್ಕದಲ್ಲಿ ಕೂತೋಳು ನಿನ್ನೆ ನನ್ನ ಕೈಯಿಂದ ಕಾಫಿ ತಗೊಳ್ಲಿಲ್ಲ."

ಅಷ್ಟು ಹೇಳಿ ಎರಡು ಬಂಗುಡೆ ಕಟ್ಟಿ ಕೈಗಿತ್ತಳು, ದುಡ್ಡು ಬೇಡವೆಂದಳು. ಪಿಲ್‌ಸುನ್ ಆ ಕೈ ನನ್ನದೇ ಎಂದು ಹೇಳಬೇಕೆಂದಿದ್ದಳು, ಹೇಳದೆ ಮೀನಿನ ಪೊಟ್ಟಣ ಹಿಡಿದು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಇಡೀ ದಾರಿ ತನ್ನ ಕೈಗಳನ್ನೇ ನೋಡುತ್ತ ಕೂತಳು. ಮುಖ ಇಲ್ಲ, ದನಿ ಇಲ್ಲ, ಸರಿ. ಕೈ ಇದೆಯಲ್ಲ. ಇಳಿಯುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ಗುರುವಾರ ಬಂದರಿನ ಗೋದಾಮಿನಲ್ಲಿ ಮುಹೂರ್ತದ ಪೂಜೆ. ಅಲ್ಲಿನ ಪದ್ಧತಿಯಂತೆ ಮೇಜಿನ ನಡುವೆ ಬೇಯಿಸಿದ ಹಂದಿಯ ತಲೆ ಹಲ್ಲು ಬಿಟ್ಟುಕೊಂಡು ಕೂತಿತ್ತು. ಸುತ್ತ ಅಕ್ಕಿ ಕಡುಬು, ಒಣಮೀನು, ಸೇಬು, ಕಿತ್ತಳೆ. ಒಬ್ಬೊಬ್ಬರಾಗಿ ಬಂದು, ಹಂದಿಯ ಬಾಯಿಗೆ ನೋಟಿನ ಲಕೋಟೆ ಸಿಕ್ಕಿಸಿ, ಸಿನಿಮಾ ಚೆನ್ನಾಗಿ ಓಡಲೆಂದು ಅಡ್ಡಬೀಳುತ್ತಿದ್ದರು. ಸಿನಿಮಾ ಪುಟ ಬರೆಯುವ ವರದಿಗಾರರು ಎಲ್ಲ ಪತ್ರಿಕೆ, ಎಲ್ಲ ಚಾನೆಲ್ಲುಗಳಿಂದ ಬಂದಿದ್ದರು. ಬಂಡವಾಳದವರ ಪರವಾಗಿ ಬಂದ ತಾಕ್ ಎಲ್ಲರಿಗಿಂತ ದಪ್ಪ ಲಕೋಟೆ ಸಿಕ್ಕಿಸಿ, ಎಲ್ಲರಿಗಿಂತ ಆಳಕ್ಕೆ ಬಾಗಿದ.

ಪಿಲ್‌ಸುನ್ ಸರದಿ ಬಂತು. ಮಂಡಿಯೂರಿದವಳು ಬಾಗಲಿಲ್ಲ. ಕೈ ಚಾಚಿ ಮೇಜಿನಿಂದ ಒಂದು ಕಿತ್ತಳೆ ಎತ್ತಿಕೊಂಡಳು.

"ಅಕ್ಕ, ನೈವೇದ್ಯ ಮುಟ್ಬಾರ್ದು," ಎಂದು ಹಿಂದಿನಿಂದ ಪಿಸುಗುಟ್ಟಿದ ನಿರ್ದೇಶಕ ನಾಮ್‌ಗುಂಗ್.

ಅವಳು ಕ್ಯಾಮೆರಾಗಳತ್ತ ತಿರುಗಿ ಕೂತು ಸುಲಿಯತೊಡಗಿದಳು. "ಐಸ್ ಪೆಟ್ಟಿಗೇಲಿ," ಎಂದಳು, ಅಂದಿನದೇ ತಡೆ, ಅಂದಿನದೇ ಉಸಿರು. "ಮೀನಿನ ಕೆಳಗೆ ನೋಟಿನ ಕಟ್ಟು." ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಕೆಲ ದಿನಗಳಿಂದ ಊರೆಲ್ಲ ನೋಡಿದ್ದ ಕೈಗಳು ಕಣ್ಣೆದುರಿಗೇ ಆಡುತ್ತಿದ್ದವು. ಸಿಪ್ಪೆ ಎಲ್ಲಿ ಹರಿದು ಹೋಗುತ್ತದೋ ಎಂದು ಅವಳು ಬೆರಳ ಮೇಲೇ ಕಣ್ಣಿಟ್ಟಿದ್ದಳು. ಅರ್ಧಕ್ಕೆ ಬಂದಾಗ ಬೆರಳು ನಡುಗಿತು; ಅಂದು ನಡುಗಿಸಿದ್ದೂ ಅಲ್ಲೇ, ಇಂದು ತಾನಾಗಿ ನಡುಗಿತು. "ಕಣ್ಣಾರೆ ಕಂಡೆ," ಎಂದಾಗ ಮುಂದಿನ ಮಾತನ್ನು ಮುಂದಿನ ಸಾಲಿನ ವರದಿಗಾರ್ತಿಯೊಬ್ಬಳು ತನಗೇ ತಿಳಿಯದೆ ಮೆಲ್ಲಗೆ ಹೇಳಿಬಿಟ್ಟಳು. ಸಿಪ್ಪೆ ಒಂದೇ ಎಳೆಯಾಗಿ ಮೊಣಕಾಲ ಮೇಲೆ ಇಳಿಯಿತು.

"ಇದು ಸಾಕ್ಷಿ ಅಲ್ಲ, ನಟನೆ," ಎಂದಳು ಪಿಲ್‌ಸುನ್. "ಮಾತು ಬರ್ಕೊಟ್ಟೋನು ಅಗೋ, ಅಲ್ಲಿ ನಿಂತಿರೋ ತಾಕ್. ಓಕ್ ದುರೇ ಅಕ್ಕನ ಮುಖಾನೇ ಅವತ್ತು ನಾನು ನೋಡಿರ್ಲಿಲ್ಲ. ನಾಳೆ ಮತ ಹಾಕೋರು ಇದನ್ನ ತಿಳ್ಕೊಂಡು ಹಾಕ್ಲಿ."

"ತಲೆ ಕೆಟ್ಟಿದೆ ಇವಳಿಗೆ, ಕ್ಯಾಮೆರಾ ಆರ್ಸಿ," ಎಂದ ತಾಕ್. ಅವನ ಚಾನೆಲ್ಲಿನದೊಂದು ಬಿಟ್ಟರೆ ಯಾವುದೂ ಆರಲಿಲ್ಲ. ಅವನು ಹೊರಗೆ ಹೋಗಿ ಯಾರಿಗೋ ಫೋನ್ ಹಚ್ಚಿದ.

ನಾಮ್‌ಗುಂಗ್ ಮುಖ ಬಿಳಿಚಿಕೊಂಡಿತ್ತು. "ಅಕ್ಕ... ಯಾಂಗ್‌ಜಾ ಪಾತ್ರ ಇನ್ನು ನನ್ನ ಕೈಲಿಲ್ಲ."

"ಗೊತ್ತಪ್ಪ." ಗೊತ್ತಿದ್ದರೂ ಆ ಮಾತು ಎದೆಗೆ ಇರಿಯಿತು. "ಮೀನು ಸೀಳೋಕೆ ಬರೋಳಿಗೆ ಕೊಡು. ಸುಮ್ನೆ ಚಾಕು ಹಿಡ್ಕೊಂಡು ನಿಲ್ಲೋಳಿಗೆ ಕೊಡ್ಬೇಡ."

ಸುಲಿದ ಹಣ್ಣನ್ನು ಹಂದಿಯ ಮುಂದಿಟ್ಟು, ತನ್ನ ತೆಳ್ಳನೆಯ ಲಕೋಟೆ ಸಿಕ್ಕಿಸಿ, ಸಿನಿಮಾ ಚೆನ್ನಾಗಿ ಓಡಲೆಂದು ಪದ್ಧತಿಯಂತೆ ಅಡ್ಡಬಿದ್ದಳು. ಎದ್ದಾಗ ಆ ವರದಿಗಾರ್ತಿ ಮೈಕು ಹಿಡಿದು ನಿಂತಿದ್ದಳು.

"ಅಮ್ಮಾ, ಮುಖ ಮಸುಕು ಮಾಡ್ಬೇಕಾ? ಹೆಸರು ಏನಂತ ಹಾಕ್ಲಿ, ಶ್ರೀಮತಿ ಎ ಅಂತಾನೇನಾ?"

"ಮಾ ಪಿಲ್‌ಸುನ್," ಎಂದಳು ಅವಳು. "ಮುಖಾನೂ ತೋರ್ಸಿ, ದನೀನೂ ಕೇಳ್ಸಿ. ಕೈ ಹೇಗೂ ನೋಡಿದೀರಲ್ಲ."