ನೊನ್ನ ತೊಳೆದ ಗ್ರಿಪ್

ನನ್ನ ತಂಗಿ ಮಿರೆಲ್ಲಾಳ ಜಿಮ್ನಾಸ್ಟಿಕ್ಸ್ ನಮ್ಮ ಮನೆಯ ಭಾನುವಾರಗಳನ್ನೆಲ್ಲ ತಿಂದುಹಾಕಿತ್ತು. ಆಸ್ಟ್ರೇಲಿಯಾದ ಪೋರ್ಟ್ ಪಿರಿಯಲ್ಲಿ ನಮ್ಮಂಥ ಮೀನುಗಾರ ಇಟಲಿಯವರ ಮನೆಯಲ್ಲಿ ಭಾನುವಾರದ ಊಟ ತಪ್ಪಿಸುವವನು ಒಂದೋ ಜೈಲಲ್ಲಿರಬೇಕು, ಇಲ್ಲಾ ಹೆಣವಾಗಿರಬೇಕು. ನಾವು ಮಾತ್ರ ಎರಡೂವರೆ ಗಂಟೆ ದಾರಿಯ ಅಡಿಲೇಡಿನ ಯಾವುದೋ ಕಾರ್ ಪಾರ್ಕಿನಲ್ಲಿ ತಣ್ಣಗಾದ ಪಾಸ್ತಾ ತಿನ್ನುತ್ತಿದ್ದೆವು. ಅಪ್ಪ ಅಮ್ಮ ದೋಣಿ ಬಿಟ್ಟು ಬರುವ ಹಾಗಿಲ್ಲ, ಕಾರು ಓಡಿಸುವವನು ನಾನೇ. ನನ್ನ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. "ಒಂದು ಹುಡುಗಿ ಲಾಗ ಹಾಕೋದಕ್ಕೆ ಇಷ್ಟೊಂದಾ?" ಅಂತ ಊರವರು ಕೇಳಿದರೆ ಮೂತಿಗೆ ಗುದ್ದಬೇಕು ಅನಿಸುತ್ತಿತ್ತು. ಅದೇ ಪ್ರಶ್ನೆ ನನ್ನೊಳಗೂ ಇತ್ತು, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ರಾಜ್ಯ ತಂಡ ಆರಿಸುವ ದಿನ. ಉಳಿದದ್ದು ಮೇಲೊಂದು ಕೆಳಗೊಂದು ಇರುವ ಅಡ್ಡಕಂಬಿಗಳ ಸುತ್ತು ಒಂದೇ. ಅದು ಮುಗಿದಾಗ ಮೊದಲ ಮೂವರಲ್ಲಿದ್ದರೆ ತಂಡಕ್ಕೆ, ಬಿದ್ದರೆ ಇನ್ನೊಂದು ವರ್ಷ ಇದೇ ರಸ್ತೆ, ಇದೇ ಕಾರು. ನಮ್ಮ ಸೀಟಿನ ಮುಂದಿನ ಬೇಲಿಯಾಚೆ ನಿಂತು ಮಿರೆಲ್ಲಾ ಚೀಲದಿಂದ ಗ್ರಿಪ್ ತೆಗೆದಳು. ಅಂಗೈಗೆ ಕಟ್ಟುವ ಆ ಚರ್ಮದ ಪಟ್ಟಿ ಒಣಮೀನಿನ ಹಾಗೆ ಸೆಟೆದುಕೊಂಡಿತ್ತು.

"ನಾರ್ತಿತ್ತು ಕಂದಾ," ಅಂದಳು ನೊನ್ನ, ನಮ್ಮಪ್ಪನ ಅಮ್ಮ. "ಸೋಪು ಹಾಕಿ ತೊಳೆದೆ. ಹೀಟರ್ ಮುಂದೆ ಒಣಗಿಸಿದೆ."

ಬೆವರು, ಜಾರದಂತೆ ಕೈಗೆ ಹಚ್ಚುವ ಬಿಳಿ ಪುಡಿ ಎಲ್ಲ ಹೀರಿ ತಿಂಗಳುಗಟ್ಟಲೆ ಮೆದುವಾದ ಚರ್ಮ ಅದು. ಆ ಕೊಳೆಯೇ ಅದರ ಜೀವ.

"ನಿನ್ನ ತಲೆ ತೊಳ್ಕೋಬೇಕಿತ್ತು ನೊನ್ನ," ಅಂತ ಕೂಗಿದೆ.

"ಬೈಬೇಡ ಕಣೋ ಅವಳನ್ನ," ಅಂದಳು ಮಿರೆಲ್ಲಾ. "ಬರೀ ಕೈಲಿ ಮಾಡ್ತೀನಿ."

"ಚರ್ಮ ಕಿತ್ತು ಬರುತ್ತೆ ಕಣೇ. ಅರ್ಧಕ್ಕೆ ಜಾರಿ ಕುತ್ತಿಗೆ ಮುರ್ಕೋತೀಯ."

ನೊನ್ನ ಮುಖ ಮುಚ್ಚಿಕೊಂಡಳು. ನನ್ನ ಕೂಗು ಪಕ್ಕದ ಸೀಟಿನ ಪೆಟ್ರಾಗೂ ಕೇಳಿಸಿತ್ತು. ನಗರದ ದೊಡ್ಡ ಕ್ಲಬ್ಬಿನವಳು, ಹೊಳೆಯುವ ಕಾರಿನವಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅವಳ ಮಗಳು ಹಾರ್ಪರ್ ಆಗಷ್ಟೇ ಕಂಬಿಯಿಂದ ಇಳಿದು ಬಂದಿದ್ದಳು, ಎರಡನೇ ಸ್ಥಾನದಲ್ಲಿದ್ದಳು. ಪೆಟ್ರಾ ಬೇಲಿಯ ಮೇಲೆ ಬಗ್ಗಿ ಮಗಳಿಗೆ, "ನಿನ್ನ ಗ್ರಿಪ್ ಬಿಚ್ಚಿ ಕೊಡು ಅವಳಿಗೆ," ಅಂದಳು.

"ಅಮ್ಮ, ಅವಳು ನನ್ನ ಸೋಲಿಸ್ತಾಳೆ."

"ಸೋಲಿಸ್ಲಿ. ಅವಳದೂ ನಿನ್ನದೇ ಅಳತೆ ಕೈ ತಾನೇ, ಕೊಡು."

ಹಾರ್ಪರ್ ಮುಖ ಗಂಟು ಹಾಕಿಕೊಂಡೇ ಬಿಚ್ಚಿದಳು. ಆದರೆ ಮಿರೆಲ್ಲಾಳ ಮಣಿಕಟ್ಟಿಗೆ ಪಟ್ಟಿ ಬಿಗಿದವಳೂ ಅವಳೇ. "ಬಲಗೈದು ಸ್ವಲ್ಪ ಸಡಿಲ, ಇನ್ನೊಂದು ಸುತ್ತು ಹಾಕ್ತೀನಿ ಇರು."

ಮಿರೆಲ್ಲಾ ಮೇಲಿನ ಕಂಬಿ ಹಿಡಿದು ಸುತ್ತಿದಳು. ಕಂಬಿ ಬಿಟ್ಟಳು, ಗಾಳಿಯಲ್ಲಿ ತಿರುಗಿದಳು, ಮತ್ತೆ ಹಿಡಿದಳು. ಇಳಿದಾಗ ಎರಡೂ ಕಾಲು ನೆಲಕ್ಕೆ ಅಂಟಿ ನಿಂತವು. ಇಷ್ಟು ವರ್ಷ ನಾನು ಬರೀ ಸ್ಟಿಯರಿಂಗ್ ನೋಡಿದ್ದೆ. ಕಾರು ಎಲ್ಲಿಗೆ ಹೋಗುತ್ತಿತ್ತು ಅಂತ ಅವತ್ತು ನೋಡಿದೆ.

ಮಿರೆಲ್ಲಾಳಿಗೆ ಎರಡನೇ ಸ್ಥಾನ, ಹಾರ್ಪರ್‌ಗೆ ಮೂರನೇದು. ಇಬ್ಬರೂ ತಂಡಕ್ಕೆ ಸೇರಿದರು. "ಹೇಳಿದ್ನಲ್ಲ," ಅಂತ ಹಾರ್ಪರ್ ತಾಯಿಯನ್ನು ದುರುಗುಟ್ಟಿ ನೋಡಿದಳು. ಕಣ್ಣಲ್ಲಿ ನೀರಿತ್ತು. ನೊನ್ನ ಹೋಗಿ ಆ ಹುಡುಗಿಯ ಎರಡೂ ಅಂಗೈಗೆ ಮುತ್ತಿಟ್ಟಳು.

ನನಗೆ ಬೈಗುಳ ಬರುವಷ್ಟು ಸಲೀಸಾಗಿ ಬೇರೆ ಮಾತು ಬರುವುದಿಲ್ಲ. ಪೆಟ್ರಾ ಎದುರು ಹೋಗಿ ನಿಂತೆ.

"ನಿಮ್ಮನ್ನ ನಾನು ಏನೇನೋ ಅಂದ್ಕೊಂಡಿದ್ದೆ," ಅಂದೆ. "ಥ್ಯಾಂಕ್ಸ್."

"ನೀನು ಅಂದ್ಕೊಂಡಿದ್ದೆಲ್ಲ ನಿನ್ನ ಮುಖದ ಮೇಲೇ ಬರೆದಿತ್ತಪ್ಪ," ಅಂದಳು ಅವಳು, ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟಳು.